ಟಿಪ್ಪುವನ್ನು ಸೋಲಿಸಿದ್ದು ಮಾರ್ನಿಂಗ್ಟನ್ನೋ, ವೆಲ್ಲೆಸ್ಲಿಯೋ?

ಓದುಗರ ಪ್ರಶ್ನೆ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನನ್ನು ಕೆಲವು ಪುಸ್ತಕಗಳು ಲಾರ್ಡ್ ಮಾರ್ನಿಂಗ್ಟನ್ ಎನ್ನುತ್ತವೆ, ಕೆಲವು ವೆಲ್ಲೆಸ್ಲಿ ಎನ್ನುತ್ತವೆ. ಇವರು ಇಬ್ಬರೋ, ಒಬ್ಬನೋ?

ಉತ್ತರ: ಒಬ್ಬನೇ, ರಿಚರ್ಡ್ ವೆಲ್ಲೆಸ್ಲಿ. ಮೇ 4ರಂದು ಕೋಟೆ ಬಿದ್ದಾಗ ಅವನು, ಅಪ್ಪನಿಂದ ಮಗನಿಗೆ ಬರುವ ಪದವಿಯಿಂದ, ಮಾರ್ನಿಂಗ್ಟನ್‌ನ ಅರ್ಲ್. ಆ ಗೆಲುವಿಗಾಗಿ ಅದೇ ಡಿಸೆಂಬರಿನಲ್ಲಿ ಅರ್ಲ್‌ಗಿಂತ ಒಂದು ಮೆಟ್ಟಿಲು ಮೇಲಿನ ಮಾರ್ಕ್ವಿಸ್ ವೆಲ್ಲೆಸ್ಲಿ ಆದ. ಎರಡೂ ಐರ್ಲೆಂಡಿನ ಪದವಿಗಳೇ.

ಅವನ ತಾತ ರಿಚರ್ಡ್ ಕಾಲಿ, ಮಕ್ಕಳಿಲ್ಲದ ಬಂಧುವೊಬ್ಬನಿಂದ ಮೀತ್ ಕೌಂಟಿಯ ಡ್ಯಾಂಗನ್ ಜಮೀನ್ದಾರಿ ಪಡೆದು, ಜೊತೆಗೆ ವೆಸ್ಲಿ (ವೆಲ್ಲೆಸ್ಲಿಯ ಇನ್ನೊಂದು ರೂಪ) ಎಂಬ ಹೆಸರನ್ನೂ ಇಟ್ಟುಕೊಂಡವನು. 1746ರಲ್ಲಿ ಬ್ಯಾರನ್ ಮಾರ್ನಿಂಗ್ಟನ್ ಆದ. ಅವನ ಮಗ ಗ್ಯಾರೆಟ್ 1760ರಲ್ಲಿ ಅರ್ಲ್ ಪದವಿಗೇರಿದ. ಗ್ಯಾರೆಟ್ ಸಂಗೀತಗಾರ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಅವನ ಮಗನೇ ನಮ್ಮ ರಿಚರ್ಡ್.

ಮಾರ್ಕ್ವಿಸ್ ಪದವಿ ಸಿಕ್ಕಾಗ ರಿಚರ್ಡ್ ಹಿಗ್ಗಲಿಲ್ಲ, ಕೆಂಡವಾದ. ಚಿನ್ನದ ಮುಲಾಮು ಬಳಿದ ಆಲೂಗಡ್ಡೆ ಎಂದು ಅದನ್ನು ಹಳಿದ. ಕಾರಣ ಸ್ಪಷ್ಟವಿದೆ. ಐರಿಷ್ ಪದವಿ ಎಷ್ಟೇ ದೊಡ್ಡದಿದ್ದರೂ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುರ್ಚಿ ಕೊಡುತ್ತಿರಲಿಲ್ಲ. ಆ ಸಭೆಯನ್ನು ತುಂಬಿಸದೆ ಯಾರನ್ನಾದರೂ ಸಂತೋಷಪಡಿಸಬೇಕೆಂದರೆ ಮಂತ್ರಿಗಳಿಗೆ ಇದು ಸುಲಭದ ದಾರಿ. ಪ್ಲಾಸಿ ಗೆದ್ದ ಕ್ಲೈವ್‌ಗೂ 1762ರಲ್ಲಿ ಸಿಕ್ಕಿದ್ದು ಐರಿಷ್ ಬ್ಯಾರನ್ ಪಟ್ಟವೇ. ರಿಚರ್ಡ್‌ಗೆ 1797ರಲ್ಲೇ ಬ್ರಿಟನ್ನಿನ ಬ್ಯಾರನ್ ಪದವಿ ಸಿಕ್ಕಿತ್ತು. ಹಾಗಾಗಿ ಮೈಸೂರನ್ನು ಗೆದ್ದ ಮೇಲೂ ಲಂಡನ್ನಿನ ಸಭೆಯಲ್ಲಿ ಅವನು ಬರೀ ಬ್ಯಾರನ್, ಅಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆ. ಐರಿಷ್ ಪದವಿಗೆ ಕುರ್ಚಿ ಇದ್ದ ಡಬ್ಲಿನ್ನಿನ ಸಂಸತ್ತಾದರೂ ಉಳಿಯಿತೇ? 1801ರ ಜನವರಿ 1ರಂದು ಬ್ರಿಟನ್ನಿನೊಂದಿಗೆ ಐರ್ಲೆಂಡ್ ವಿಲೀನವಾಗಿ ಅದೂ ಇಲ್ಲವಾಯಿತು. ಆಮೇಲೆ ಐರಿಷ್ ಲಾರ್ಡ್‌ಗಳು ತಮ್ಮೊಳಗೆ 28 ಜನರನ್ನು ಆರಿಸಿ ಲಂಡನ್ನಿಗೆ ಕಳಿಸಬೇಕಾಯಿತು. ಒಂದು ರಾಜ್ಯವನ್ನೇ ಕಳೆದುಕೊಂಡವರ ಕಡೆಯಿಂದ ನೋಡಿದರೆ ಅವನ ಈ ಕೊರಗು ತೀರಾ ಸಣ್ಣದು ಎಂದೇ ನನಗನಿಸುತ್ತದೆ.

ಮಾರ್ಕ್ವಿಸ್ ಪದವಿ ಅವನ ಜೊತೆಗೇ ಮುಗಿಯಿತು. ಹಯಸಿಂತ್ ರೋಲಾಂಡ್ ಎಂಬ ಫ್ರೆಂಚ್ ಹೆಂಗಸಿನಿಂದ ಅವನಿಗೆ ಗಂಡುಮಕ್ಕಳಿದ್ದರು. ಆದರೆ ಅವರೆಲ್ಲ 1794ರ ಮದುವೆಗೆ ಮುಂಚೆ ಹುಟ್ಟಿದವರು, ಪದವಿಗೆ ಹಕ್ಕುದಾರರಲ್ಲ. 1842ರಲ್ಲಿ ಅವನು ಸತ್ತಾಗ ಅರ್ಲ್ ಪದವಿ ತಮ್ಮ ವಿಲಿಯಂನ ಪಾಲಾಯಿತು. ಆ ಶಾಖೆಯೂ 1863ರಲ್ಲಿ ನಿಂತುಹೋಗಿ, ಅದು ಇನ್ನೊಬ್ಬ ತಮ್ಮ ಆರ್ಥರ್‌ನ ಮನೆತನಕ್ಕೆ ಬಂತು. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದು, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದ ಆರ್ಥರ್ ಇವನೇ. ಮಾರ್ನಿಂಗ್ಟನ್ ಪದವಿ ಇಂದಿಗೂ ಆ ಡ್ಯೂಕರ ಮನೆಯಲ್ಲೇ ಇದೆ.