ಪಾಟ್ಸ್‌ಡಾಮ್‌ನ ಸಾನ್ಸೂಸಿ ನೋಡಲು ಒಂದು ದಿನ ಸಾಕೇ?

ಪ್ರಶ್ನೆ: ಬರ್ಲಿನ್‌ನಲ್ಲಿರುವ ಮಗಳ ಮನೆಗೆ ಈ ಬೇಸಿಗೆಯಲ್ಲಿ ಹೋಗುತ್ತಿದ್ದೇವೆ. ಬೆಳಿಗ್ಗೆ ಪಾಟ್ಸ್‌ಡಾಮ್‌ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು ಎನ್ನುತ್ತಾರೆ. ಅಲ್ಲಿನ ಅರಮನೆಗಳು, ಪಾರ್ಕು ಎಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆಯೇ? ನಮ್ಮ ಯಜಮಾನರಿಗೆ ಮಂಡಿನೋವು, ಹೆಚ್ಚು ಮೆಟ್ಟಿಲು ಹತ್ತಲಾರರು.

ಉತ್ತರ: ಎಲ್ಲವೂ ಮುಗಿಯುವುದಿಲ್ಲ. ಆದರೆ ಸಾನ್ಸೂಸಿ ಪಾರ್ಕು, ಅದರ ಎರಡು ಕಡೆಯ ಎರಡು ಅರಮನೆಗಳು, ಊರಿನ ಒಂದೆರಡು ಹಳೆಯ ಬೀದಿಗಳು ಒಂದು ದಿನಕ್ಕೆ ಹಿತವಾಗಿ ಹಿಡಿಸುತ್ತವೆ. ಮಂಡಿನೋವಿಗೂ ದಾರಿಯಿದೆ, ಮುಂದೆ ಹೇಳಿದ್ದೇವೆ. ದಿನ ಕೆಡುವುದು ಸಾಮಾನ್ಯವಾಗಿ ಸಮಯ ಸಾಲದೆ ಅಲ್ಲ. ವಾರ ನೋಡದೆ ಹೊರಟು, ಟಿಕೆಟ್ ಮೊದಲೇ ಕಾಯ್ದಿರಿಸದೆ, ಪಾರ್ಕಿನ ಅಳತೆ ತಿಳಿಯದೆ.

ಮೊದಲು ವಾರ. ಸಾನ್ಸೂಸಿ ಅರಮನೆಗೆ ಸೋಮವಾರ ರಜೆ. ಪಾರ್ಕಿನ ಪಶ್ಚಿಮ ತುದಿಯ ನೊಯೆಸ್ ಪಲೇಗೆ, ಅಂದರೆ ಹೊಸ ಅರಮನೆಗೆ, ಮಂಗಳವಾರ ರಜೆ. ಎರಡನ್ನೂ ಒಳಹೊಕ್ಕು ನೋಡಬೇಕೆಂದರೆ ಬುಧವಾರದಿಂದ ಭಾನುವಾರದೊಳಗೆ ಹೋಗಬೇಕು. ಬೇಸಿಗೆಯಲ್ಲಿ, ಅಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತವೆ, ಮುಚ್ಚುವ ಅರ್ಧ ಗಂಟೆ ಮೊದಲೇ ಕೊನೆಯ ಪ್ರವೇಶ. ಶನಿವಾರ, ಭಾನುವಾರ ಜನ ಹೆಚ್ಚು. ಭಾನುವಾರ ಊರಿನ ಅಂಗಡಿಗಳೂ ಬಾಗಿಲು ಹಾಕಿರುತ್ತವೆ, ರೈಲು ನಿಲ್ದಾಣದೊಳಗಿನವನ್ನು ಬಿಟ್ಟು. ಬುಧವಾರ ಅಥವಾ ಗುರುವಾರ ಒಳ್ಳೆಯದು.

ಎರಡನೆಯದು ಟಿಕೆಟ್. ಮೈಸೂರು ಅರಮನೆಯಂತೆ ಹೋಗಿ ಸಾಲಿನಲ್ಲಿ ನಿಂತು ಟಿಕೆಟ್ ಪಡೆದು ಒಳಗೆ ನಡೆಯುವ ಲೆಕ್ಕ ಸಾನ್ಸೂಸಿಯಲ್ಲಿ ನಡೆಯದು. ಅದು ಚಿಕ್ಕ ಅರಮನೆ. ನಿಗದಿತ ಸಮಯಕ್ಕೆ ಇಷ್ಟೇ ಜನ ಎಂದು ಬಿಡುತ್ತಾರೆ, ನಿಮ್ಮ ಟಿಕೆಟ್ಟಿನಲ್ಲಿ ಆ ಸಮಯ ಅಚ್ಚಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಹೋದವರಿಗೆ ಅಂದಿನ ಟಿಕೆಟ್ ಸಿಗದೇ ಹೋಗಬಹುದು. ಅರಮನೆಗಳನ್ನು ನೋಡಿಕೊಳ್ಳುವ ಪ್ರಶ್ಯನ್ ಅರಮನೆ ಮತ್ತು ಉದ್ಯಾನಗಳ ಪ್ರತಿಷ್ಠಾನದ ಜಾಲತಾಣದಲ್ಲಿ ಮೊದಲೇ ಕೊಳ್ಳಿ. ಒಂದೇ ದಿನದಲ್ಲಿ ಎರಡು ಅಥವಾ ಹೆಚ್ಚು ಅರಮನೆ ನೋಡುವವರಿಗೆ 'ಸಾನ್ಸೂಸಿ ಪ್ಲಸ್' ಎಂಬ ಒಟ್ಟು ಟಿಕೆಟ್ ಇದೆ. ಅದನ್ನು ಕೊಂಡರೂ ಸಾನ್ಸೂಸಿಗೆ ಹೊತ್ತು ಆರಿಸಲೇಬೇಕು. ಆ ಹೊತ್ತು ಸಿಕ್ಕ ಮೇಲೆ ಉಳಿದ ದಿನವನ್ನು ಅದರ ಸುತ್ತ ಜೋಡಿಸಿಕೊಳ್ಳಿ. ಪಾರ್ಕಿಗೆ ಟಿಕೆಟ್ ಇಲ್ಲ. ಬಾಗಿಲುಗಳ ಬಳಿ ಕಾಣಿಕೆ ಕೇಳುವ ಯಂತ್ರಗಳಿವೆ, ಇಷ್ಟವಿದ್ದರೆ ಹಾಕಬಹುದು.

ಬರ್ಲಿನ್ ಹಾಪ್ಟ್‌ಬಾನ್‌ಹೋಫ್‌ನಿಂದ, ಅಂದರೆ ಮುಖ್ಯ ನಿಲ್ದಾಣದಿಂದ, ಆರ್‌ಇ1 ರೈಲು ಸುಮಾರು 25 ನಿಮಿಷದಲ್ಲಿ ಪಾಟ್ಸ್‌ಡಾಮ್ ಮುಖ್ಯ ನಿಲ್ದಾಣ ತಲುಪಿಸುತ್ತದೆ. ಎಸ್7 ಲೋಕಲ್ ರೈಲಿಗೆ ಸುಮಾರು 40 ನಿಮಿಷ. ಇಲ್ಲಿ ಎಡವುವವರು ಬಹಳ. ಟಿಕೆಟ್ ದರಕ್ಕಾಗಿ ಊರನ್ನೂ ಸುತ್ತಲನ್ನೂ ಎ, ಬಿ, ಸಿ ಎಂದು ವಲಯಗಳಾಗಿ ಹಂಚಿದ್ದಾರೆ. ಬರ್ಲಿನ್‌ನಲ್ಲಿ ಎಲ್ಲರ ಕೈಯಲ್ಲಿರುವುದು ಎಬಿ ವಲಯದ ಟಿಕೆಟ್, ಪಾಟ್ಸ್‌ಡಾಮ್ ಇರುವುದು ಸಿ ವಲಯದಲ್ಲಿ. ವಾನ್‌ಸೇ ನಿಲ್ದಾಣ ದಾಟಿದರೆ ಎಬಿ ಟಿಕೆಟ್ ಚಲಾವಣೆಯಿಲ್ಲ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ದಂಡ 60 ಯೂರೋ, 'ಗೊತ್ತಿರಲಿಲ್ಲ' ಎಂದರೆ ಕೇಳುವುದಿಲ್ಲ. 24 ಗಂಟೆಯ ಎಬಿಸಿ ಟಿಕೆಟ್ ಕೊಳ್ಳಿ, ಅದೇ ಪಾಟ್ಸ್‌ಡಾಮ್‌ನ ಬಸ್ಸಿಗೂ ಟ್ರಾಮ್‌ಗೂ ಆಗುತ್ತದೆ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ್ದು ಟಿಕೆಟ್ಟೇ ಇಲ್ಲದಂತೆ. ಮಗಳ ಬಳಿ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಲೋಕಲ್ ರೈಲು, ಬಸ್ಸುಗಳ ತಿಂಗಳ ಪಾಸು, ಇದ್ದರೆ ಅವರಿಗೆ ಅದೇ ಸಾಕು, ಆದರೆ ಅದರಲ್ಲಿ ನೀವಿಬ್ಬರು ಹೋಗುವಂತಿಲ್ಲ.

ಪಾರ್ಕಿನ ವಿಸ್ತೀರ್ಣ ಸುಮಾರು 290 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 700 ಎಕರೆಗೂ ಹೆಚ್ಚು. ಪೂರ್ವದ ಒಬೆಲಿಸ್ಕ್ ಕಂಬದಿಂದ ಪಶ್ಚಿಮದ ನೊಯೆಸ್ ಪಲೇವರೆಗೆ ಮುಖ್ಯ ಸಾಲುಮರದ ದಾರಿ ನೇರವಾಗಿ ಸುಮಾರು ಎರಡೂವರೆ ಕಿಲೋಮೀಟರ್. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ಕಟ್ಟಡಗಳ ನಡುವೆ ಹತ್ತು, ಹದಿನೈದು ನಿಮಿಷದ ನಡಿಗೆ ಇರುತ್ತದೆ. ದಾರಿಯೆಲ್ಲ ಸಣ್ಣ ಜಲ್ಲಿ, ತೆಳು ಅಡಿಯ ಚಪ್ಪಲಿ ಬೇಡ.

ಕಾಲು ಗಟ್ಟಿ ಇರುವವರು ಪಶ್ಚಿಮದಿಂದ ಪೂರ್ವಕ್ಕೆ ನಡೆಯುವುದು ಲೇಸು. ಪಾಟ್ಸ್‌ಡಾಮ್ ಪಾರ್ಕ್ ಸಾನ್ಸೂಸಿ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರೆ ನೊಯೆಸ್ ಪಲೇ ಹತ್ತಿರ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ಹತ್ತಕ್ಕೆ ಒಳಹೋಗಿ, ಹನ್ನೊಂದೂವರೆಗೆ ಹೊರಬಂದು, ಚೀನೀ ಮನೆಯ ಹೊಂಬಣ್ಣದ ಬೊಂಬೆಗಳನ್ನು ನೋಡುತ್ತಾ ನಡೆದರೆ ಒಂದೂವರೆಗೆ ಸಾನ್ಸೂಸಿ. ಆದ್ದರಿಂದ ಎರಡು ಗಂಟೆಯ ಆಸುಪಾಸಿನ ಹೊತ್ತು ಕಾಯ್ದಿರಿಸಿ. ಅಲ್ಲಿಂದ ಇಳಿದರೆ ಊರು ಸಿಗುತ್ತದೆ, ದಣಿದ ಕಾಲಿಗೆ ಕಾಫಿ ಅಂಗಡಿಯೂ ಸಿಗುತ್ತದೆ.

ನಿಮ್ಮ ಯಜಮಾನರಿಗೆ ಈ ಕ್ರಮ ಬೇಡ. ಮುಖ್ಯ ನಿಲ್ದಾಣದ ಹೊರಗೆ 695 ಸಂಖ್ಯೆಯ ಬಸ್ ಹತ್ತಿ 'ಷ್ಲಾಸ್ ಸಾನ್ಸೂಸಿ' ನಿಲ್ದಾಣದಲ್ಲಿ ಇಳಿಯಿರಿ. ಅದು ಹಳೆಯ ಗಾಳಿಗಿರಣಿಯ ಪಕ್ಕ, ಗುಡ್ಡದ ಮೇಲೆಯೇ. ಹತ್ತುವ ಕೆಲಸವಿಲ್ಲ. ಅರಮನೆ ನೋಡಿ, ಮೇಲಿನ ಜಗಲಿಯಲ್ಲಿ ಕುಳಿತು, ಮತ್ತೆ ಅದೇ ಬಸ್ಸಿನಲ್ಲಿ ನೊಯೆಸ್ ಪಲೇಗೆ ಹೋಗಬಹುದು. ಕೆಳಗಿನ ಕಾರಂಜಿಯವರೆಗೆ ಹೋಗುವ ಮನಸ್ಸಾದರೆ ನಡುವಿನ 132 ಮೆಟ್ಟಿಲು ಬಿಟ್ಟು ಬದಿಯ ಇಳಿಜಾರು ದಾರಿ ಹಿಡಿಯಲಿ. ಬಸ್ ಇಳಿದವರು ಕಾಣುವುದು ಅರಮನೆಯ ಹಿಂಬದಿ, 88 ಕಂಬಗಳ ಅರ್ಧವೃತ್ತದ ಅಂಗಳ. ಅಲ್ಲೇ ಫೋಟೊ ತೆಗೆದು ಹೊರಟುಬಿಡಬೇಡಿ, ಕಟ್ಟಡ ಸುತ್ತಿ ದಕ್ಷಿಣಕ್ಕೆ ಬನ್ನಿ.

ಆ ದಕ್ಷಿಣದ ಕಡೆಯೇ ಸಾನ್ಸೂಸಿಯ ಜೀವ. 1744ರಲ್ಲಿ ಪ್ರಶ್ಯದ, ಅಂದರೆ ಈ ಭಾಗವನ್ನು ಆಳುತ್ತಿದ್ದ ಹಳೆಯ ಜರ್ಮನ್ ರಾಜ್ಯದ, ದೊರೆ ಎರಡನೇ ಫ್ರೆಡ್ರಿಕ್ ಗುಡ್ಡದ ಇಳಿಜಾರನ್ನು ಆರು ಜಗಲಿಗಳಾಗಿ ಕಡಿಸಿ ದ್ರಾಕ್ಷಿ ಹಾಕಿಸಿದ. ಜಗಲಿಗಳು ನಡುವಿಗೆ ಒಳಬಾಗಿರುವುದು ಬಿಸಿಲನ್ನು ಹಿಡಿಯಲಿಕ್ಕೆ. ಗೋಡೆಯಲ್ಲಿ ಗಾಜಿನ ಬಾಗಿಲಿನ 168 ಗೂಡುಗಳಿವೆ. ಅಂಜೂರ ಬೆಳೆಯುವುದು ಅವುಗಳೊಳಗೆ, ಚಳಿ ಬಂದಾಗ ಬಾಗಿಲು ಮುಚ್ಚುತ್ತಾರೆ. ತೋಟ ಆದ ಮೇಲೆ ಬಂದದ್ದು ಅರಮನೆ, 1745ರಿಂದ 1747ರೊಳಗೆ. ವಾಸ್ತುಶಿಲ್ಪಿ ಕ್ನೋಬೆಲ್ಸ್‌ಡಾರ್ಫ್ ಕಟ್ಟಡವನ್ನು ಎತ್ತರದ ಪೀಠದ ಮೇಲೆ ಕೂರಿಸಬೇಕೆಂದ, ಇಲ್ಲದಿದ್ದರೆ ಕೆಳಗಿನಿಂದ ಅರ್ಧ ಮರೆಯಾಗುತ್ತದೆಂದು. ದೊರೆ ಒಪ್ಪಲಿಲ್ಲ. ಕೋಣೆಯಿಂದ ಕಾಲಿಟ್ಟರೆ ತೋಟವೇ ಸಿಗಬೇಕು ಎಂಬುದು ಅವನ ಹಟ. ಫಲವನ್ನು ಈಗಲೂ ನೋಡಬಹುದು: ಕಾರಂಜಿಯ ಬಳಿ ನಿಂತರೆ ಅರಮನೆಯ ಬುಡ ಜಗಲಿಯ ಅಂಚಿನ ಹಿಂದೆ ಮುಳುಗಿರುತ್ತದೆ. ಪೂರ್ತಿ ಫೋಟೊ ಬೇಕಾದರೆ ಕಾರಂಜಿ ದಾಟಿ ಹಿಂದೆ ಸರಿಯಬೇಕು. ದೂರ ಹೋದಷ್ಟೂ ಹೆಚ್ಚು ಕಾಣುತ್ತದೆ.

ಆ ಕಾರಂಜಿ ಫ್ರೆಡ್ರಿಕ್‌ಗೆ ಒಲಿಯಲಿಲ್ಲ. ಉತ್ತರದ ರೂಯಿನನ್‌ಬರ್ಗ್ ಗುಡ್ಡದ ಮೇಲೆ ದೊಡ್ಡ ತೊಟ್ಟಿ ಕಟ್ಟಿಸಿ, ಹಾವೆಲ್ ನದಿಯ ನೀರನ್ನು ಗಾಳಿಯಂತ್ರಗಳಿಂದ ಅಲ್ಲಿಗೆ ಏರಿಸುವ ಯೋಜನೆ ಅವನದು. ಕೊರೆದ ಮರದ ಕೊಳವೆಗಳು ನೀರಿನ ಒತ್ತಡ ತಾಳದೆ ಸೀಳಿದವು, ಹಣ ಕರಗಿತು. ನೀರು ಚಿಮ್ಮಿದ್ದು 1842ರಲ್ಲಿ, ಬೋರ್ಸಿಗ್ ಕಾರ್ಖಾನೆಯ ಉಗಿಯಂತ್ರದಿಂದ, 38 ಮೀಟರ್ ಎತ್ತರಕ್ಕೆ. ಆ ಯಂತ್ರದ ಮನೆ ನದಿಯ ಹಿನ್ನೀರಿನ ದಂಡೆಯಲ್ಲಿ ಮಸೀದಿಯ ರೂಪದಲ್ಲಿ ನಿಂತಿದೆ, ಮಿನಾರಿನಂತೆ ಕಾಣುವುದು ಹೊಗೆಕೊಳವೆ.

ಮೇಲಿನ ಜಗಲಿಯ ಪೂರ್ವದ ಅಂಚಿನಲ್ಲಿ ಒಂದು ಸಾದಾ ಕಲ್ಲುಚಪ್ಪಡಿ, ಅದರ ಮೇಲೆ ಆಲೂಗಡ್ಡೆ. ಅದೇ ಫ್ರೆಡ್ರಿಕ್‌ನ ಸಮಾಧಿ. ರೈತರು ಆಲೂಗಡ್ಡೆ ಬೆಳೆಯಬೇಕೆಂದು 1756ರಲ್ಲಿ ಆಜ್ಞೆ ಹೊರಡಿಸಿದವನು ಅವನು, ಜನ ಅದನ್ನು ಹೀಗೆ ನೆನೆಯುತ್ತಾರೆ. ತನ್ನ ಬೇಟೆನಾಯಿಗಳ ಪಕ್ಕದಲ್ಲೇ ಹೂಳಬೇಕೆಂದು ಅವನು ಬರೆದಿಟ್ಟಿದ್ದ. 1786ರಲ್ಲಿ ತೀರಿಕೊಂಡಾಗ ಉತ್ತರಾಧಿಕಾರಿ ಅದನ್ನು ಪಕ್ಕಕ್ಕಿಟ್ಟು ಚರ್ಚಿನಲ್ಲಿ ಹೂಳಿಸಿದ. ಬಯಸಿದ ಜಾಗಕ್ಕೆ ಬಂದದ್ದು 1991ರ ಆಗಸ್ಟ್ 17ಕ್ಕೆ.

ಒಳಗೆ ಒಂದನ್ನೇ ನೋಡುವುದಾದರೆ ಯಾವುದು? ನಮ್ಮ ಮತ ನೊಯೆಸ್ ಪಲೇಗೆ. ಸಾನ್ಸೂಸಿಯ ಕೋಣೆಗಳು ಚೆಲುವಾದರೂ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತವೆ. ಅದರ ಸೊಗಸು ಹೊರಗಿದೆ, ಅದನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಫ್ರೆಡ್ರಿಕ್ ಹೋರಾಡಿದ ಏಳು ವರ್ಷಗಳ ಯುದ್ಧ ಮುಗಿದೊಡನೆ, ಪ್ರಶ್ಯ ಇನ್ನೂ ಬರಿಗೈಯಾಗಿಲ್ಲವೆಂದು ತೋರಿಸಲು 1763ರಿಂದ 1769ರೊಳಗೆ ಎಬ್ಬಿಸಿದ ನೊಯೆಸ್ ಪಲೇಯಲ್ಲಿ 200ಕ್ಕೂ ಹೆಚ್ಚು ಕೋಣೆಗಳಿವೆ. ಗೋಡೆ ತುಂಬ ಚಿಪ್ಪು, ಹರಳು, ಅದಿರಿನ ತುಂಡು ಮೆತ್ತಿದ ಅದರ ಗುಹಾಂಗಣ ಬೇರೆ ಕಡೆ ಕಾಣಸಿಗದು. ಎದುರಿನ ಗುಮ್ಮಟದ ಜೋಡಿ ಕಟ್ಟಡಗಳು ಒಂದು ಕಾಲಕ್ಕೆ ಅಡುಗೆಮನೆ, ಸೇವಕರ ವಸತಿ. ಈಗ ಅಲ್ಲಿ ಪಾಟ್ಸ್‌ಡಾಮ್ ವಿಶ್ವವಿದ್ಯಾಲಯ.

ಪಾರ್ಕಿನಲ್ಲಿ ಹುಲ್ಲಿನ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚುವಂತಿಲ್ಲ, ಅದಕ್ಕೆಂದು ಬಿಟ್ಟ ಕೆಲವು ಜಾಗಗಳ ಹೊರತು. ಬೆಂಚಿನ ಮೇಲೆ ಕುಳಿತು ಚಪಾತಿ ತಿನ್ನಲು ಅಡ್ಡಿಯಿಲ್ಲ. ಸೈಕಲ್ ಗುರುತು ಹಾಕಿದ ದಾರಿಗಳಲ್ಲಿ ಮಾತ್ರ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಇಟ್ಟುಕೊಂಡಿರಿ.

ಸಂಜೆ ಊರಿಗೆ ಇಳಿದರೆ ಲೂಯಿಸನ್‌ಪ್ಲಾಟ್ಸ್ ಚೌಕದಲ್ಲಿ ಬ್ರಾಂಡೆನ್‌ಬುರ್ಗ್ ದ್ವಾರ ಸಿಗುತ್ತದೆ. ಬರ್ಲಿನ್‌ನದಲ್ಲ, ಅದಕ್ಕಿಂತ ಹಳೆಯದು, 1770ರ ಸುಮಾರಿನದು. ಅಲ್ಲಿಂದ ನೇರ ಅಂಗಡಿಬೀದಿಯಲ್ಲಿ ನಡೆದು ಎಡಕ್ಕೆ ಹೊರಳಿದರೆ ಕೆಂಪು ಇಟ್ಟಿಗೆಯ 134 ಮನೆಗಳ ಡಚ್ ಕೇರಿ, ಕಾಫಿಗೆ ಒಳ್ಳೆಯ ಜಾಗ.

ಎರಡನೇ ಮಹಾಯುದ್ಧದಲ್ಲಿ ಗೆದ್ದ ದೇಶಗಳ ನಾಯಕರು ಸೇರಿದ 1945ರ ಪಾಟ್ಸ್‌ಡಾಮ್ ಸಮ್ಮೇಳನ ನಡೆದ ಸೆಸೀಲಿಯನ್‌ಹೋಫ್ ಅರಮನೆ ಊರಿನ ಇನ್ನೊಂದು ಬದಿಯ ಬೇರೆ ಪಾರ್ಕಿನಲ್ಲಿದೆ. ಅದನ್ನು ಇದೇ ದಿನಕ್ಕೆ ತುರುಕಬೇಡಿ. ದುರಸ್ತಿಗೆಂದು 2024ರ ಕೊನೆಯಲ್ಲಿ ಅದನ್ನು ಮುಚ್ಚಿದ್ದಾರೆ. ಹೋಗುವುದಿದ್ದರೆ ಮತ್ತೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ಇನ್ನು ಪ್ರವಾಸ ಚಳಿಗಾಲಕ್ಕೆ ಮುಂದೂಡುವ ಯೋಚನೆಯಿದ್ದರೆ, ಆಗ ಕಾರಂಜಿ ನಿಂತಿರುತ್ತದೆ, ಹಿಮದಿಂದ ಕಲ್ಲು ಬಿರಿಯದಿರಲೆಂದು ಅಮೃತಶಿಲೆಯ ವಿಗ್ರಹಗಳಿಗೆ ಮರದ ಪೆಟ್ಟಿಗೆ ಮುಚ್ಚಿರುತ್ತಾರೆ, ಅರಮನೆಗಳು 4.30ಕ್ಕೇ ಬಾಗಿಲು ಹಾಕುತ್ತವೆ.