ಎಐ ಅಬ್ಬರದ ಹಿಂದೆ ಯಾರ ಲೆಕ್ಕ?

ಎಐ, ಅಂದರೆ ಕೃತಕ ಬುದ್ಧಿಮತ್ತೆ, ಇದರ ಬಗ್ಗೆ ದಿನಕ್ಕೊಂದು ಮಾತು. ಇವತ್ತು ಎಲ್ಲರ ಕೆಲಸ ಹೋಗುತ್ತದೆ ಅನ್ನುತ್ತಾರೆ, ನಾಳೆ ಇದೆಲ್ಲ ಬರೀ ಗುಳ್ಳೆ ಅನ್ನುತ್ತಾರೆ. ನಮ್ಮ ಕಾಸರಗೋಡಿನ ಬದಿಯಡ್ಕಕ್ಕೆ ಅಡಿಕೆ ಮಾರಲು ಹೋದರೆ ಅಲ್ಲೂ ಇದೇ ಚರ್ಚೆ. ಸ್ವಲ್ಪ ಹಿಂದಿನಿಂದ ನೋಡೋಣ.

ಈ ಹೆಸರು ಚಾಲ್ತಿಗೆ ಬಂದದ್ದು 1956ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕಾರ್ಯಾಗಾರದಿಂದ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಆಮೇಲೆ ದೊಡ್ಡ ಮಾತು, ದುಡ್ಡು, ನಿರಾಸೆ, ಇಷ್ಟೇ ಎರಡು ಸಲ ಆಯಿತು. 1973ರಲ್ಲಿ, ಎಐ ಹೇಳಿದಷ್ಟು ಮಾಡಿ ತೋರಿಸಿಲ್ಲ ಅಂದ ಬ್ರಿಟನ್ನಿನ ಲೈಟ್‌ಹಿಲ್ ವರದಿ ಬಂದ ಮೇಲೆ ಒಮ್ಮೆ, 80ರ ದಶಕದ ಕೊನೆಗೆ ಇನ್ನೊಮ್ಮೆ.

ಈಗಿನ ಗೋಜಲು ಶುರುವಾದದ್ದು 2015ರಿಂದ. ಆ ವರ್ಷ ಓಪನ್‌ಎಐ ಅನ್ನುವ ಅಮೆರಿಕದ ಸಂಸ್ಥೆ ಹುಟ್ಟಿತು, ಲಾಭಕ್ಕಲ್ಲ ಅಂತ ಹೇಳಿಕೊಂಡೇ. 2019ರಲ್ಲಿ ಲಾಭ ಮಾಡುವ ಅಂಗ ಕಟ್ಟಿಕೊಂಡಿತು, ಮೈಕ್ರೋಸಾಫ್ಟ್ 100 ಕೋಟಿ ಡಾಲರ್ ಹಾಕಿತು. ಕಾರಣ ಇತ್ತು. ಸಾವಿರಾರು ಚಿಪ್, ರಾಶಿ ಕರೆಂಟು ಬೇಕು, ದಾನದಲ್ಲಿ ಅದು ನಡೆಯುವುದಿಲ್ಲ. ಆದರೆ ಹಾಕಿದವರಿಗೆ ದುಡ್ಡು ವಾಪಸ್ ಬರಬೇಕಲ್ವಾ? 2022ರ ನವೆಂಬರ್ 30ಕ್ಕೆ ಅದರದ್ದೇ ಚಾಟ್‌ಜಿಪಿಟಿ ಬಂತು. 2023ರ ಮೇ ತಿಂಗಳಲ್ಲಿ ದೊಡ್ಡ ಎಐ ಕಂಪನಿಗಳ ಮುಖ್ಯಸ್ಥರೇ, ಸಂಶೋಧಕರ ಜೊತೆ, ಒಂದು ಸಾಲಿನ ಹೇಳಿಕೆಗೆ ಸಹಿ ಹಾಕಿದರು: ಎಐನಿಂದ ಮನುಕುಲ ಅಳಿಯುವ ಅಪಾಯವನ್ನು ಅಣುಯುದ್ಧದಷ್ಟೇ ಗಂಭೀರವಾಗಿ ನೋಡಬೇಕು ಅಂತ. ಸಂಶೋಧಕರ ಆತಂಕವನ್ನು ನಾನು ನಂಬುತ್ತೇನೆ. ಆದರೆ ಸಹಿ ಹಾಕಿದ ಮೇಲೂ ಕಂಪನಿಗಳ ಓಟ ನಿಲ್ಲಲಿಲ್ಲ. ಇಷ್ಟು ಅಪಾಯ ಅಂದರೆ ಇಷ್ಟು ಶಕ್ತಿ ಇದೆ ಅಂತಲೂ ಆಯಿತು, ಅದು ಹೂಡಿಕೆದಾರರ ಕಿವಿಗೂ ಬೀಳುತ್ತದೆ. ನನಗೆ ಅನುಮಾನ ಹುಟ್ಟಿದ್ದು ಅಲ್ಲಿ.

ಹಾಗಂತ ಇದು ಉಪಯೋಗಕ್ಕಿಲ್ಲದ್ದಲ್ಲ. ಮಲಯಾಳದಲ್ಲಿ ಬರುವ ಸರ್ಕಾರಿ ಕಾಗದವನ್ನು ಇದರಲ್ಲೇ ಕನ್ನಡ ಮಾಡಿಸಿ ಓದುತ್ತೇನೆ. ಆದರೆ ಹೋದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಅಳತೆ ಕೇಳಿದೆ. 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಅನ್ನುವ ಕಡೆ 10 ಕಿಲೋ ಅಂತ ಬಂತು, ಚೂರೂ ಅಳುಕಿಲ್ಲದೆ. ಮದ್ದು ಬಿಡುವ ಕೆಲಸಕ್ಕೆ ಹೊಸಬರಾಗಿದ್ದರೆ ಹಾಗೇ ಕಲಸುತ್ತಿದ್ದರು.

ನಮ್ಮ ಕಡೆಯವರಿಗೆ ವೆನಿಲ್ಲಾ ನೆನಪಿರಬೇಕು. 2003ರ ಸುಮಾರಿಗೆ ಹಸಿ ಬೀನ್ಸ್ ಬೆಲೆ ಕಿಲೋಗೆ ಸಾವಿರಗಟ್ಟಲೆ ಏರಿತ್ತು. ಅಡಿಕೆ ತೋಟದೊಳಗೆ ಬಳ್ಳಿ ಹಬ್ಬಿಸಿ, ಬೆಳಗ್ಗೆ ಬೆಳಗ್ಗೆ ಸಣ್ಣ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡುತ್ತಿದ್ದೆವು. ಎರಡು ಮೂರು ವರ್ಷದಲ್ಲಿ ಬೆಲೆ ನೆಲಕಚ್ಚಿತು. ನಾನು ಕಂಡ ಹಾಗೆ ದುಡ್ಡು ಉಳಿದದ್ದು ಬಳ್ಳಿ ಮಾರಿದವರ ಕೈಯಲ್ಲಿ.

ಎಐನಲ್ಲಿ ಬಳ್ಳಿ ಅಂದರೆ ಚಿಪ್. 2025ರ ಜನವರಿ 27ರಂದು, ಚೀನಾದ ಡೀಪ್‌ಸೀಕ್ ಕಂಪನಿ ಕಡಿಮೆ ಖರ್ಚಿನಲ್ಲಿ ಎಐ ಕಟ್ಟಿದೆ ಅನ್ನುವ ಸುದ್ದಿಗೆ, ಚಿಪ್ ಮಾರುವ ಎನ್ವಿಡಿಯಾ ಕಂಪನಿಯ ಮೌಲ್ಯ ಒಂದೇ ದಿನ ಸುಮಾರು 59,000 ಕೋಟಿ ಡಾಲರ್ ಕುಸಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಏರಿತು. ಚಿಪ್ ಕೊಂಡವರಿಗೆ ಬಳಕೆದಾರರಿಂದ ಅಸಲು ಹುಟ್ಟುತ್ತದಾ ಅನ್ನುವ ಲೆಕ್ಕವನ್ನು ಮಾತ್ರ ಯಾರೂ ಇನ್ನೂ ಪೂರ್ತಿ ಬಿಚ್ಚಿ ತೋರಿಸಿಲ್ಲ.