ಕೃತಕ ರೀಫ್‌ನಲ್ಲಿ ಮೀನು ಹಿಡಿಯೋದು ಯಾರು ಅನ್ನೋದಕ್ಕಿಂತ ಯಾವುದ್ರಲ್ಲಿ ಹಿಡೀತಾರೆ ಅನ್ನೋದು ಮುಖ್ಯ

ಹಳೇ ಹಡಗು, ಕಾಂಕ್ರೀಟ್ ಬ್ಲಾಕು, ಒಡೆದ ಸೇತುವೆ ಚೂರು, ಅಮೆರಿಕದಲ್ಲಂತೂ ನ್ಯೂಯಾರ್ಕ್ ಸಬ್‌ವೇಯ ಹಳೇ ಬೋಗಿಗಳನ್ನೂ ಸಮುದ್ರದ ತಳಕ್ಕೆ ಇಳಿಸಿ ಕೃತಕ ರೀಫ್, ಅಂದ್ರೆ ಮೀನು ಬಂದು ಸೇರೋಕೆ ಮನುಷ್ಯರೇ ಮಾಡಿದ ನೆಲೆ, ಮಾಡಿದ್ದಾರೆ. ಇಳಿಸೋ ದಿನ ಎಲ್ಲರಿಗೂ ಖುಷಿ. ಜಗಳ ಶುರುವಾಗೋದು ಮೀನು ಬಂದು ಸೇರಿದ ಮೇಲೆ. ಮೀನುಗಾರಿಕೆ ನಿರ್ವಹಣೆ ಕೆಲಸದಲ್ಲಿ ನಾನು ಪದೇ ಪದೇ ಕೇಳೋದು ಎರಡೇ ಮಾತು, ಹವ್ಯಾಸಕ್ಕೆ ಗಾಳ ಹಾಕೋರು ‘ಇದು ನಮ್ಮ ದುಡ್ಡಲ್ಲಿ ಆಗಿದ್ದು, ಬೋನು ಇಳಿಸಿ ಮೀನು ಹಿಡಿಯೋರಿಗೆ ಇಲ್ಲೇನು ಕೆಲಸ’ ಅಂತಾರೆ, ವೃತ್ತಿ ಮೀನುಗಾರರು ‘ನೀವು ಹಡಗು ಮುಳುಗಿಸೋಕೆ ಮೊದಲು ಆ ಜಾಗದಲ್ಲಿ ಬಲೆ ಎಳೀತಿದ್ದೋರೇ ನಾವು’ ಅಂತಾರೆ. ಇಬ್ಬರು ಹೇಳೋದೂ ನಿಜ, ಅದಕ್ಕೇ ಇದು ಕಷ್ಟ.

ದುಡ್ಡಿನ ಮಾತು ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1950ರ ಒಂದು ಕಾನೂನಿನ ಪ್ರಕಾರ ಗಾಳದ ಕೋಲು, ರೀಲು ಇಂಥ ಸಾಮಾನಿನ ಮೇಲೆ ಹಾಕೋ ತೆರಿಗೆ ರಾಜ್ಯಗಳಿಗೆ ಹೋಗತ್ತೆ, ಎಷ್ಟೋ ರೀಫ್‌ಗಳಿಗೆ ಖರ್ಚಾಗಿರೋದು ಅದೇ ಹಣ. ನ್ಯೂಜರ್ಸಿಯಲ್ಲಿ ರೀಫ್ ತುಂಬಾ ವೃತ್ತಿಯವರ ಬೋನುಗಳೇ ಆಗಿ ಹವ್ಯಾಸಿಗಳಿಗೆ ಗಾಳ ಹಾಕೋಕೇ ಆಗ್ತಿಲ್ಲ ಅನ್ನೋ ಕಾರಣಕ್ಕೆ 2011ರಲ್ಲಿ ಆ ಹಣವನ್ನೇ ನಿಲ್ಲಿಸಿಬಿಟ್ರು. ಆಮೇಲೆ 2018ರಲ್ಲಿ ಡೆಲವೇರ್‌ನ 4 ರೀಫ್, 2020ರಲ್ಲಿ ನ್ಯೂಜರ್ಸಿಯ 13 ರೀಫ್ ವಿಶೇಷ ನಿರ್ವಹಣಾ ವಲಯ ಆದ್ವು. ಇವೆಲ್ಲ ಫೆಡರಲ್ (ಕೇಂದ್ರ) ಸರ್ಕಾರದ ವ್ಯಾಪ್ತಿಯ ನೀರಿನಲ್ಲಿರೋ ರೀಫ್‌ಗಳು. ಅಮೆರಿಕದ ದಕ್ಷಿಣ ಅಟ್ಲಾಂಟಿಕ್ ಕರಾವಳಿ ಕಡೆ 1983ರಿಂದಲೇ ಇದ್ದ ಪದ್ಧತಿ ಇದು.

ಡೆಲವೇರ್, ನ್ಯೂಜರ್ಸಿಯ ಈ ವಲಯಗಳ ನಿಯಮ ಬರೆದಿರೋ ರೀತಿ ನನಗೆ ಇಷ್ಟ. ಅದು ವೃತ್ತಿ ಮೀನುಗಾರರು ಬರಬಾರದು ಅನ್ನಲ್ಲ. ಯಾರೇ ಆಗಲಿ ಕೈಗಾಳ, ಕೋಲು-ರೀಲು, ಈಟಿ, ಇಲ್ಲಾ ಬರಿಗೈ, ಇಷ್ಟರಲ್ಲೇ ಹಿಡೀಬೇಕು ಅನ್ನತ್ತೆ. ಜನರನ್ನ ಬೇರೆ ಮಾಡೋ ಬದಲು ಸಲಕರಣೆ ಬೇರೆ ಮಾಡಿದೆ.

ಇದ್ಯಾಕೆ ಮುಖ್ಯ ಅಂತ ತಿಳೀಬೇಕಂದ್ರೆ ರೀಫ್ ಮೇಲೆ ಬೋನು ಏನು ಮಾಡತ್ತೆ ನೋಡ್ಬೇಕು. ಬೋನುಗಳನ್ನ ಒಂದೇ ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿ ಇಳಿಸಿದಾಗ ಆ ಹಗ್ಗ ಮುಳುಗಿದ ಹಡಗಿನ ಮೇಲೆ ಅಡ್ಡಡ್ಡ ಬಿದ್ದಿರತ್ತೆ, ಮೇಲಿಂದ ಬಂದ ಗಾಳ ಅದಕ್ಕೇ ಸಿಕ್ಕಿಹಾಕ್ಕೊಳತ್ತೆ, ಡೈವರ್‌ಗಳಿಗಂತೂ ಜೀವಕ್ಕೇ ಅಪಾಯ, ಇನ್ನು ಎತ್ತುವಾಗ ಚಾಚಿಕೊಂಡ ಕಬ್ಬಿಣಕ್ಕೆ ತಗಲಿ ಹಗ್ಗ ಕಿತ್ತುಹೋದ್ರೆ ಬೋನು ಅಲ್ಲೇ ಉಳೀತು. ಉಳಿದ ಬೋನು ಸುಮ್ನಿರಲ್ಲ. ಒಳಗೆ ಸಿಕ್ಕ ಮೀನು ಸತ್ತು ಮುಂದಿನ ಮೀನಿಗೆ ಅದೇ ಎರೆ ಆಗತ್ತೆ, ಯಾರ ಉಪಯೋಗಕ್ಕೂ ಬಾರದ ಹಾಗೆ ಅದು ಮೀನು ಹಿಡೀತಾನೇ ಇರತ್ತೆ. ಅದಕ್ಕೇ ಎಷ್ಟೋ ಕಡೆ ಬೋನಿಗೆ ಒಂದು ಕಿಂಡಿ ಇಟ್ಟು, ಅದರ ಬಾಗಿಲನ್ನ ನೀರಲ್ಲಿ ಕರಗಿಹೋಗೋ ದಾರದಲ್ಲೋ ತುಕ್ಕು ಹಿಡಿಯೋ ಕೊಂಡಿಯಲ್ಲೋ ಕಟ್ಟಬೇಕು ಅಂತ ನಿಯಮ ಇದೆ, ಅದು ಕಳಚಿದ್ರೆ ಬಾಗಿಲು ತೆರೆದು ಮೀನು ಹೊರಗೆ ಹೋಗತ್ತೆ. ಬೋನಿಗೆ ಅವಕಾಶ ಕೊಡೋ ರೀಫ್‌ನಲ್ಲಿ ಇದು ಕಡ್ಡಾಯ ಆಗ್ಲೇಬೇಕು.

ಹಾಗಂತ ಗಾಳ ಹಾಕೋರದ್ದು ಏನೂ ತಪ್ಪಿಲ್ಲ ಅಂತ ನಾನು ಒಪ್ಪಲ್ಲ. ದೀಪಕ್ಕೆ ಹುಳ ಮುತ್ತಿದ ಹಾಗೆ ಸುತ್ತಮುತ್ತಲ ಮೀನು ರೀಫ್‌ಗೆ ಬಂದು ಸೇರತ್ತೆ. ಬಂದು ಸೇರಿದ್ದು ಬೇರೆ, ಹೊಸದಾಗಿ ಹುಟ್ಟಿ ಬೆಳೆದದ್ದು ಬೇರೆ. 1989ರಲ್ಲೇ ಜೇಮ್ಸ್ ಬೋನ್‌ಸ್ಯಾಕ್ ಅನ್ನೋ ವಿಜ್ಞಾನಿ ರೀಫ್‌ನ ಮೀನು ಇವೆರಡರಲ್ಲಿ ಯಾವುದು ಅನ್ನೋ ಪ್ರಶ್ನೆನ ಸರಿಯಾಗಿ ಎತ್ತಿದ್ರು, ಉತ್ತರ ಜಾತಿಯಿಂದ ಜಾತಿಗೆ, ಜಾಗದಿಂದ ಜಾಗಕ್ಕೆ ಬದಲಾಗತ್ತೆ. ನಿರ್ವಹಣೆ ಮಾಡೋರಿಗೆ ಇಲ್ಲೊಂದು ದೊಡ್ಡ ಅಪಾಯ ಇದೆ: ಸಮುದ್ರದಲ್ಲಿ ಒಟ್ಟು ಮೀನು ಕಮ್ಮಿ ಆಗ್ತಿದ್ರೂ ಉಳಿದಿದ್ದೆಲ್ಲ ರೀಫ್‌ಗೇ ಬಂದು ಸೇರೋದ್ರಿಂದ ಪ್ರತಿ ದೋಣಿಗೂ ಮೊದಲಿನಷ್ಟೇ ಸಿಗ್ತಾ ಇರತ್ತೆ. ‘ಮೀನು ಚೆನ್ನಾಗೇ ಸಿಗ್ತಿದೆಯಲ್ಲಾ ಸಾರ್’ ಅಂತ ಹೇಳೋರು ಸುಳ್ಳು ಹೇಳ್ತಿಲ್ಲ, ಆದ್ರೆ ಆ ಮಾತು ನಂಬ್ಕೊಂಡು ಕೂತ್ರೆ ಕುಸಿತ ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ. ಒಬ್ಬೊಬ್ಬರು ಹಿಡಿಯೋದು ಸ್ವಲ್ಪವೇ ಇರಬಹುದು, ಆದ್ರೆ ರೀಫ್ ಎಲ್ಲಿದೆ ಅಂತ ಜಿಪಿಎಸ್‌ನಲ್ಲಿ ಎಲ್ಲರ ಹತ್ರನೂ ಇರೋವಾಗ ಆ ಸ್ವಲ್ಪ ಸ್ವಲ್ಪವೇ ಸೇರಿ ರಾಶಿ ಆಗತ್ತೆ. ಹಾಗಾಗಿ ತಲೆಗಿಷ್ಟು ಮೀನು, ಕನಿಷ್ಠ ಇಷ್ಟು ಉದ್ದ, ಮೊಟ್ಟೆ ಇಡೋ ಕಾಲದಲ್ಲಿ ಬಂದ್, ಈ ಮೂರೂ ಹವ್ಯಾಸಿಗಳಿಗೂ ಬೇಕೇ ಬೇಕು.

ಇನ್ನು ‘ಚಿಕ್ಕದು ಸಿಕ್ರೆ ವಾಪಸ್ ಬಿಡ್ತೀವಿ’ ಅನ್ನೋದು. ರೆಡ್ ಸ್ನ್ಯಾಪರ್ ಥರದ ಮೀನನ್ನ ಆಳದಿಂದ ಬೇಗ ಎಳೆದಾಗ ನೀರಿನ ಒತ್ತಡ ಕಮ್ಮಿಯಾಗಿ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿಬಿಡತ್ತೆ, ಕಣ್ಣು ಹೊರಗೆ ಬರತ್ತೆ, ಬಾಯಿಂದ ಬಲೂನ್ ಥರ ಏನೋ ಹೊರಗೆ ಇಣುಕತ್ತೆ. ಅದನ್ನೇ ಗಾಳಿಚೀಲ ಅಂದ್ಕೊಂಡು ಎಷ್ಟೋ ಜನ ಚುಚ್ತಾರೆ. ಅದು ಮೀನಿನ ಜಠರ, ದಯವಿಟ್ಟು ಚುಚ್ಚಬೇಡಿ. ಬಿಟ್ಟ ಮೀನು ಮೇಲೇ ತೇಲ್ತಾ ಸಾಯತ್ತೆ, ಇಲ್ಲಾಂದ್ರೆ ಡಾಲ್ಫಿನ್‌ಗೋ ಶಾರ್ಕ್‌ಗೋ ಊಟ ಆಗತ್ತೆ. ತೂಕ ಕಟ್ಟಿ ಮೀನನ್ನ ಆಳಕ್ಕೆ ಇಳಿಸಿ ಅಲ್ಲಿ ಬಿಡೋ ಸಾಧನ ಇದೆ, ಆಳಕ್ಕೆ ಹೋದ ಹಾಗೆ ಚೀಲ ತಾನಾಗೇ ಕುಗ್ಗತ್ತೆ. ಮೆಕ್ಸಿಕೋ ಕೊಲ್ಲಿಯಲ್ಲಿ ರೀಫ್ ಮೀನು ಹಿಡಿಯೋ ದೋಣಿಗಳಲ್ಲಿ ಇಂಥ ಸಾಧನ ಇಲ್ಲಾ ಗಾಳಿಚೀಲದಿಂದ ಗಾಳಿ ತೆಗೆಯೋ ಸೂಜಿ ಸಿದ್ಧ ಇರಬೇಕು ಅಂತ 2022ರಲ್ಲಿ ಕಾನೂನೇ ಜಾರಿಗೆ ಬಂತು.

ಜಾರಿ ಮಾಡೋ ವಿಷಯದಲ್ಲಿ ಚಿಕ್ಕದೊಂದು ಮಾತು. ವಲಯದ ಗಡಿ ನಾಲ್ಕು ಮೂಲೆಯ ಚೌಕ ಆಗಿರ್ಲಿ, ಅಂಕುಡೊಂಕು ಗೆರೆ ಹಾಕಿದ್ರೆ ದೋಣಿಯವರಿಗೂ ತಿಳಿಯಲ್ಲ, ಗಸ್ತಿನವರಿಗೂ ತಿಳಿಯಲ್ಲ. ನಿಷೇಧ ಇರೋ ಬಲೆ ದೋಣಿಯಲ್ಲಿದ್ರೆ ವಲಯ ದಾಟೋವಾಗ ಮಡಚಿ ಕಟ್ಟಿಡಬೇಕು ಅಂತ ಬರೆದುಬಿಡಿ. ನೀರಿಗೆ ಬಲೆ ಹಾಕಿದ್ದನ್ನ ಕಣ್ಣಾರೆ ಕಂಡು ಹಿಡಿಯೋದು ಪ್ರತಿ ಸಲವೂ ಆಗಲ್ಲ.

ಇದೆಲ್ಲ ಹಡಗು ಮುಳುಗಿಸೋಕೆ ಮೊದಲೇ ತೀರ್ಮಾನ ಆಗಬೇಕು. ಜಪಾನಿನಲ್ಲಿ ಕರಾವಳಿಯ ಮೀನುಗಾರಿಕೆ ಹಕ್ಕು ಮೀನುಗಾರರ ಸಹಕಾರ ಸಂಘಗಳ ಕೈಯಲ್ಲಿರೋದ್ರಿಂದ ಅಲ್ಲಿ ರೀಫ್ ಇಳಿಸೋವಾಗಲೇ ಯಾರು ಬಳಸ್ತಾರೆ ಅನ್ನೋದು ಬಹುಮಟ್ಟಿಗೆ ಗೊತ್ತಿರತ್ತೆ. ಎಲ್ಲರಿಗೂ ಸೇರಿದ ನೀರಿನಲ್ಲಿ ಹಾಗಾಗಲ್ಲ, ಹಾಗಾಗಿ ಆ ತಳದಲ್ಲಿ ಈಗ ಯಾರು ಬಲೆ ಎಳೀತಿದ್ದಾರೆ, ಅವರು ಎಲ್ಲಿಗೆ ಹೋಗ್ತಾರೆ ಅಂತ ಕೇಳದೆ ಅನುಮತಿ ಕೊಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು, ನಾಲ್ಕೈದು ರೀಫ್ ಇಳಿಸೋ ಯೋಜನೆ ಇದ್ರೆ ಅದರಲ್ಲಿ ಒಂದನ್ನ ಯಾರೂ ಮೀನು ಹಿಡಿಯದ ಹಾಗೆ ಬಿಡಿ. ಹತ್ತು ವರ್ಷ ಆದ್ಮೇಲೆ ಉಳಿದ ರೀಫ್‌ಗಳಲ್ಲಿ ಮೀನು ಎಷ್ಟು ಕಮ್ಮಿಯಾಗಿದೆ, ಎಷ್ಟು ದೊಡ್ಡ ಮೀನು ಉಳಿದಿದೆ ಅಂತ ಹೋಲಿಸಿ ನೋಡೋಕೆ ಆ ಒಂದು ರೀಫ್ ಇರಬೇಕು.